ದ್ರೌಪತಿಯ ವಯಸ್ಸು

ಅಂಗೈ ಮಡಚಿ, ಹೆಬ್ಬೆರಳನ್ನು ಒಳಕ್ಕೆ ಒತ್ತಿ, ಬಳೆಗಾರ್ತಿ ಮುನ್ನಿ ಬೀ ಹಸಿರು ಬಳೆ ತೊಡಿಸಲು ನೋಡಿದಳು. ಒತ್ತುವ ಅಗತ್ಯವೇ ಬೀಳಲಿಲ್ಲ. ಬಳೆ ಮಣಿಕಟ್ಟು ದಾಟಿ ಮೊಣಕೈವರೆಗೆ ತಾನೇ ಜಾರಿಕೊಂಡು ಹೋಯಿತು. ದ್ರೌಪತಿ ಕೈ ಕೆಳಗೆ ಬಿಟ್ಟಳು, ಬಳೆ ಹುಮನಾಬಾದಿನ ಪೇಟೆಯ ಧೂಳಿನಲ್ಲಿ ಬಿತ್ತು. ಮಗುವಿಗೆ ಅದೊಂದು ಆಟವಾಯಿತು. ಇನ್ನೊಮ್ಮೆ ತೊಡಿಸೆಂದು ಕೈ ಚಾಚಿದಳು.

ಮುನ್ನಿ ಬೀ ಬುಟ್ಟಿಯ ತಳದವರೆಗೂ ಹುಡುಕಿದಳು. ಮಕ್ಕಳ ಬಳೆಗಳಿದ್ದವು, ಕೆಂಪು, ಹಳದಿ, ನೀಲಿ. ಮದುವೆಯಾದವರು ತೊಡುವ ಹಸಿರು ಮಾತ್ರ ಅಷ್ಟು ಸಣ್ಣ ಅಳತೆಯಲ್ಲಿ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

“ಇಷ್ಟು ಸಣ್ಣ ಪೋರಿಗಿ ಹಸಿರು ಯಾಕ ಬಾಯಿ? ಯಾರ ಮನಿಗಿ ಕೊಟ್ಟೀರಿ?” ಎಂದು ಕೇಳಿದಳು.

ಮಗುವನ್ನು ಕರೆತಂದಿದ್ದ ಶೇವಂತಾಬಾಯಿ ಪಕ್ಕದ ಅಂಗಡಿಯ ಕಡೆ ನೋಡುತ್ತ, ಕೊಹಿನೂರ ಊರಿನವರು ಅಂದಳು. ಹುಮನಾಬಾದಿನ ಪೇಟೆಯಲ್ಲಿ ಕೊಹಿನೂರಿನವರು ಯಾರೂ ಆ ಹೊತ್ತಿಗೆ ಎದುರಾಗಲಿಕ್ಕಿಲ್ಲ ಎಂಬ ಲೆಕ್ಕ ಅವಳದು. ಮುನ್ನಿ ಬೀ ಆರು ಹಸಿರು ಬಳೆಗಳಿಗೆ ಒಳಗಿನಿಂದ ಹತ್ತಿಯ ನೂಲು ಸುತ್ತಿ ದಪ್ಪ ಮಾಡಿ, ಒಂದೊಂದು ಕೈಗೆ ಮೂರರಂತೆ ತೊಡಿಸಿದಳು. ಕೊನೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಮಾಡುವಂತೆ ಆ ಎರಡು ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಶೇವಂತಾಬಾಯಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಗುವಿನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹತ್ತಿ ಜಿನ್ನಿನ ಕಡೆ ನಡೆದಳು.

ಹತ್ತಿಯಿಂದ ಕಾಳು ಬಿಡಿಸುವ ತುಳಜಾರಾಮ ಸೇಠರ ಜಿನ್ನಿನಲ್ಲಿ ಶೇವಂತಾಬಾಯಿ ಹೆಣ್ಣಾಳುಗಳ ಮುಕಾದಮಳು. ಹುಡಗಿ ಗ್ರಾಮದಿಂದ ಹದಿನೆಂಟು ಹೆಂಗಸರನ್ನು ನಸುಕಿನಲ್ಲೇ ಕೂಗಿ ಎಬ್ಬಿಸುವುದು, ಹುಮನಾಬಾದಿಗೆ ನಡೆಸಿಕೊಂಡು ಬರುವುದು, ಯಾರು ಯಾವ ಕೆಲಸಕ್ಕೆಂದು ಹಂಚುವುದು, ಸಂಜೆ ಮತ್ತೆ ಎಲ್ಲರನ್ನೂ ಮನೆ ಮುಟ್ಟಿಸುವುದು ಅವಳ ಜವಾಬ್ದಾರಿ. ಊರಿನಲ್ಲಿ ಅವಳ ಮಾತಿಗೆ ತೂಕವಿತ್ತು. ಎಂಟು ವರ್ಷದಲ್ಲಿ ಒಬ್ಬ ಹೆಂಗಸಿಗೂ ಮೋಸ ಮಾಡಿದವಳಲ್ಲ ತಾನು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತಿದ್ದಳು.

ದ್ರೌಪತಿಗೆ ಒಂಬತ್ತು ವರ್ಷ. ವಯಸ್ಸಿಗೆ ಮೀರಿದ ಎತ್ತರ. ಅಪ್ಪ ಸೊಲ್ಲಾಪುರದ ಗಿರಣಿಗೆಂದು ಹೋದವನು ಎರಡು ದೀಪಾವಳಿ ಕಳೆದರೂ ತಿರುಗಿ ಬರಲಿಲ್ಲ. ಅವ್ವ ಗಂಗುಬಾಯಿಯ ಮೊಣಕಾಲು ಬಾತು, ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ಮನೆಯಲ್ಲಿ ಇನ್ನೂ ಎರಡು ಸಣ್ಣವು. ಹಾಗಾಗಿ ಈ ಸುಗ್ಗಿಯಲ್ಲಿ ದ್ರೌಪತಿ ಜಿನ್ನಿಗೆ ಬರತೊಡಗಿದಳು. ಅಂಗಳದಲ್ಲಿ ಕುಳಿತು ಹತ್ತಿಯೊಳಗಿನ ಒಣ ಎಲೆ, ಕಡ್ಡಿ ಆರಿಸುವ ಕೆಲಸ. ಮೊದಲ ದಿನ ಕಳಿಸುವಾಗ ಗಂಗುಬಾಯಿ ಶೇವಂತಾಬಾಯಿಯ ಎರಡೂ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದ್ದಳು. “ನಿನ್ನ ಕಣ್ಣ ಮುಂದ ಇಟ್ಕೋ. ಮಶೀನಿನ ಕಡಿ ಬಿಡಬ್ಯಾಡ.” ಬಿಡುವುದಿಲ್ಲ ಎಂದು ಶೇವಂತಾಬಾಯಿ ತನ್ನ ಮಕ್ಕಳ ಆಣೆ ಮಾಡಿದ್ದಳು.

ಮಶೀನಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹೋದ ಸುಗ್ಗಿಯಲ್ಲಿ ಸರ್ವರಿ ಎಂಬ ಹನ್ನೊಂದು ವರ್ಷದ ಹುಡುಗಿಯ ಎರಡು ಬೆರಳು ಹತ್ತಿಯ ಜೊತೆಗೆ ಉರುಳೆಗಳ ನಡುವೆ ಹೋಗಿದ್ದವು. ಹನ್ನೆರಡು ತುಂಬದ ಮಕ್ಕಳನ್ನು ಯಂತ್ರವಿರುವ ಕಡೆ ಕೆಲಸಕ್ಕೆ ಇಡಕೂಡದು ಎಂಬ ಕಾಯ್ದೆ ಇತ್ತು. ಇತ್ತು ಎಂಬುದು ಹುಮನಾಬಾದಿಗೆ ಗೊತ್ತಾದದ್ದು ಸರ್ವರಿಯ ಬೆರಳು ಹೋದ ಮೇಲೆ. ಯಾರೋ ಅರ್ಜಿ ಬರೆದರು, ಅರ್ಜಿ ಹೈದರಾಬಾದಿಗೆ ಹೋಯಿತು, ವರ್ಷ ತುಂಬುವ ಹೊತ್ತಿಗೆ ಇನ್ಸ್‌ಪೆಕ್ಟರರು ಬರುತ್ತಾರೆಂದು ಸುದ್ದಿ ಬಂತು.

ಬಳೆ ತೊಡಿಸಿದ್ದರ ಹಿಂದಿನ ಸಂಜೆ ಜಿನ್ನಿನ ಗುಮಾಸ್ತ ಬಸವಣಪ್ಪ ಶೇವಂತಾಬಾಯಿಯನ್ನು ಕರೆದು ವಿಷಯ ತಿಳಿಸಿದ್ದ. ನಾಳೆ ಸಾಹೇಬರು ಎಲ್ಲರ ಹೆಸರು, ವಯಸ್ಸು ಬರೆದುಕೊಳ್ಳುತ್ತಾರೆ. ಬರೆಸಿದವರಿಗಷ್ಟೇ ಮುಂದೆ ಗೇಟಿನೊಳಗೆ ಪ್ರವೇಶ. ಸಣ್ಣ ಮಕ್ಕಳು ನಾಳೆಯಿಂದ ಬೇಡ. ಅವಳು ಮನಸ್ಸಿನಲ್ಲೇ ಮಕ್ಕಳನ್ನು ಎಣಿಸಿದಳು. ಉಳಿದ ನಾಲ್ಕು ಮಕ್ಕಳ ತಾಯಂದಿರು ಜೊತೆಯಲ್ಲೇ ದುಡಿಯುತ್ತಿದ್ದರು, ಹೇಗೋ ನಡೆದೀತು. ದ್ರೌಪತಿಯ ಮನೆಯಲ್ಲಿ ದುಡಿಯುವ ಕೈ ಅದೊಂದೇ. ಊರಿಗೆ ಹೋಗಿ ಹೇಳಿದಾಗ ಗಂಗುಬಾಯಿ ಅಳಲಿಲ್ಲ. ಒಲೆಯ ಮುಂದೆ ಸುಮ್ಮನೆ ಕುಳಿತುಬಿಟ್ಟಳು. ನಾ ನೋಡ್ಕೋತೀನಿ ಬಿಡು ಎಂದು ಶೇವಂತಾಬಾಯಿ ಎದ್ದು ಬಂದಳು.

ಉಪಾಯ ಅವಳದೇ ತಲೆಯಲ್ಲಿ ಹುಟ್ಟಿತು. ಹೊಳೆದಾಗ ಅವಳಿಗೆ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದೇಕೆ. ಎಂದಿನ ಲಂಗ-ಪರಕಾರ ಉಟ್ಟರೆ ಪೋರಿ ಒಂಬತ್ತರವಳೆಂದು ಕುರುಡನೂ ಹೇಳಿಯಾನು. ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಕೊರಳಲ್ಲಿ ಕರಿಮಣಿ ಹಾಕಿಕೊಂಡು ನಿಂತರೆ ಯಾವ ಗಂಡಸು ತಲೆಯೆತ್ತಿ ನೋಡುತ್ತಾನೆ, ವಯಸ್ಸು ಕೇಳುತ್ತಾನೆ?

ಜಿನ್ನಿನ ಹಿಂದೆ, ಹತ್ತಿಕಾಳಿನ ರಾಶಿಯ ಮರೆಯಲ್ಲಿ, ಶೇವಂತಾಬಾಯಿ ತನ್ನ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಮಗುವಿಗೆ ಉಡಿಸಿದಳು. ಕಾಲುಂಗುರ ಹಾಕಿದಳು, ಅದು ಹೆಬ್ಬೆರಳಿಗಷ್ಟೇ ನಿಂತಿತು. ಪೇಟೆಯಿಂದ ತಂದ ಕರಿಮಣಿಯ ಸರವನ್ನು, ನಡುವೆ ಒಂದು ಹಳದಿ ಲೋಹದ ತಾಳಿ, ಚೀಲದ ಬಾಯಿ ಕಟ್ಟುವ ಅವಸರದಲ್ಲಿ ಕಟ್ಟಿಬಿಟ್ಟಳು. ಆಮೇಲೆ ಪಾಠ ಹೇಳಿಕೊಟ್ಟಳು. ವಯಸ್ಸು ಹದಿನಾಲ್ಕು. ಹೋದ ವರ್ಷ ಲಗ್ನವಾಯಿತು. ಗಂಡನ ಹೆಸರು ಕೇಳಿದರೆ ಏನು ಹೇಳಲಿ ಎಂದು ದ್ರೌಪತಿಯೇ ಕೇಳಿದಳು. ಯಾವುದಾದರೂ ಹೇಳು ಅಂದಾಗ ಬಹಳ ಹೊತ್ತು ಯೋಚಿಸಿ, ತಮ್ಮ ಓಣಿಯಲ್ಲಿ ಗೋಲಿ ಆಡುವ ದೇವಿದಾಸನನ್ನು ಆರಿಸಿಕೊಂಡಳು. ಕೊನೆಯಲ್ಲಿ ಶೇವಂತಾಬಾಯಿ ಬಾಯಿ ತೆರೆಸಿ ನೋಡಿದಳು. ಮೇಲಿನ ಸಾಲಿನಲ್ಲಿ ಒಂದು ಹಾಲುಹಲ್ಲು ಅಲ್ಲಾಡುತ್ತಿತ್ತು.

“ನಗಬ್ಯಾಡ. ಬಾಯಿ ದೊಡ್ಡದು ತೆರಿಬ್ಯಾಡ,” ಅಂದಳು.

ದ್ರೌಪತಿ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ಒಳಗೆ ನಾಲಿಗೆ ಆ ಹಲ್ಲನ್ನು ದೂಡುತ್ತಿದ್ದುದು ಕೆನ್ನೆಯ ಮೇಲೆ ಕಾಣುತ್ತಿತ್ತು.

ಇನ್ಸ್‌ಪೆಕ್ಟರರು ಹತ್ತು ಗಂಟೆಗೆ ಟಾಂಗಾದಲ್ಲಿ ಬಂದರು. ಹೆಸರು ಸಿರಾಜುದ್ದೀನ್. ಹೈದರಾಬಾದಿನ ಸಾಹೇಬರೆಂದರೆ ಉರ್ದುವಿನಲ್ಲಿ ಗದರಿಸುವವರಿರಬೇಕೆಂದು ಹೆಂಗಸರು ಹೆದರಿದ್ದರು. ಬಂದವರು ಐವತ್ತು ದಾಟಿದ, ಬಣ್ಣ ಮಾಸಿದ ಶೇರವಾನಿಯ ಮೆತ್ತಗಿನ ಮನುಷ್ಯ. ಹುಟ್ಟಿ ಬೆಳೆದದ್ದು ಇಲ್ಲೇ ಹತ್ತಿರದ ಕಲ್ಯಾಣದಲ್ಲಿ. ಹೆಂಗಸರೊಡನೆ ಇಲ್ಲಿಯ ಕನ್ನಡದಲ್ಲೇ ಮಾತಾಡಿದರು. ಅದರಿಂದ ಎಲ್ಲರಿಗೂ ಧೈರ್ಯ ಬಂತು, ಶೇವಂತಾಬಾಯಿಗೆ ಮಾತ್ರ ಇದ್ದ ಧೈರ್ಯವೂ ಸ್ವಲ್ಪ ಕಡಿಮೆಯಾಯಿತು.

ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಹೆಸರು, ವಯಸ್ಸು, ಗಂಡನ ಹೆಸರು. ಮೂರನೆಯ ಪ್ರಶ್ನೆ ಬಂದಾಗಲೆಲ್ಲ ಹೆಂಗಸು ಸೆರಗು ಮುಂದಕ್ಕೆ ಎಳೆದುಕೊಂಡು ಶೇವಂತಾಬಾಯಿಯ ಕಡೆ ನೋಡುವಳು. ಶೇವಂತಾಬಾಯಿ ಅವಳ ಪರವಾಗಿ ಹೆಸರು ಹೇಳುವಳು. ತನ್ನ ಗಂಡನ ಹೆಸರನ್ನು ತನ್ನ ಬಾಯಿಂದ ಹೇಳುವ ಹೆಂಗಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಸಾಹೇಬರೂ ಅದನ್ನು ಬಲ್ಲವರಾದ್ದರಿಂದ ಯಾರನ್ನೂ ಒತ್ತಾಯಿಸಲಿಲ್ಲ. ಪ್ರಶ್ನೆಯನ್ನು ಹೆಂಗಸಿಗೆ ಕೇಳಿ, ಉತ್ತರಕ್ಕೆ ಮುಕಾದಮಳ ಕಡೆ ತಿರುಗುತ್ತಿದ್ದರು. ಶೇವಂತಾಬಾಯಿಯ ಸರದಿ ಬಂದಾಗ ಅವಳ ಗಂಡನ ಹೆಸರನ್ನು ಹಿಂದಿನಿಂದ ಯಾರೋ ಹೇಳಿದರು.

ದ್ರೌಪತಿ ಕೊನೆಯಲ್ಲಿ ನಿಂತಿದ್ದಳು. ಹೆಸರು ಹೇಳಿದಳು. ವಯಸ್ಸು ಹದಿನಾಲ್ಕು ಅಂದಳು. ಸಾಹೇಬರು ಕತ್ತೆತ್ತದೆ ಬರೆದುಕೊಂಡರು. ಶೇವಂತಾಬಾಯಿ ಉಸಿರು ಬಿಟ್ಟಳು.

“ನಿನ್ನ ಮನಿಯವರ ಹೆಸರೇನವ್ವ?” ಎಂದು ಕೇಳಿ, ರೂಢಿಯಂತೆ ಶೇವಂತಾಬಾಯಿಯ ಕಡೆ ತಿರುಗಿದರು.

ಅವಳು ಬಾಯಿ ತೆರೆಯುವ ಮೊದಲೇ ದ್ರೌಪತಿ ಹೇಳಿದಳು.

“ದೇವಿದಾಸ.”

ಗಟ್ಟಿಯಾಗಿ, ಒಂದು ಅಕ್ಷರ ನುಂಗದೆ, ಕಲಿತದ್ದನ್ನು ಮರೆಯಲಿಲ್ಲವೆಂಬ ಸಂತೋಷದಲ್ಲಿ ಹೇಳಿದಳು. ಸಾಹೇಬರು ಬರೆಯದೆ ಇದ್ದುದನ್ನು ಕಂಡು, ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು.

ಸಾಲಿನಲ್ಲಿದ್ದ ಹೆಂಗಸರ ಗುಜುಗುಜು ನಿಂತುಹೋಯಿತು. ಶೇವಂತಾಬಾಯಿ ಎಲ್ಲವನ್ನೂ ನೆನಪಿಟ್ಟು ಮಾಡಿದ್ದಳು. ಸೀರೆ, ಬಳೆ, ಕಾಲುಂಗುರ, ಕರಿಮಣಿ, ಅಲ್ಲಾಡುವ ಹಲ್ಲು. ಹೆಸರು ಹೇಳಬಾರದು ಎಂದು ಹೇಳಿಕೊಡುವುದೊಂದು ಬಿಟ್ಟುಹೋಗಿತ್ತು. ಹೆಂಗಸಿಗೆ ಅದನ್ನು ಯಾರು ಹೇಳಿಕೊಡುತ್ತಾರೆ? ಶೇವಂತಾಬಾಯಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನೆಂಟು ಹೆಂಗಸರೂ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾಗಿ, ಎಲ್ಲಿ ಕಣ್ಣಿಡಬೇಕೆಂದು ತಿಳಿಯದೆ ಮೇಜಿನ ಕಾಲು ನೋಡುತ್ತ ನಿಂತಳು.

ಸಾಹೇಬರು ಲೇಖನಿ ಕೆಳಗಿಟ್ಟು, ಎಲ್ಲರಿಗೂ ಕೆಲಸಕ್ಕೆ ಹೋಗಲು ಹೇಳಿದರು. ದ್ರೌಪತಿಗೆ, ಹೋಗವ್ವ ನೀನೂ ಅಂದರು. ಅವಳು ಎರಡೂ ಕೈಯಿಂದ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಓಡಿದಳು. ನೀರು ಹರಿಯುವ ಸಣ್ಣ ಕಾಲುವೆಯನ್ನು ಜಿಗಿದಳು, ಮತ್ತೆ ಹಿಂದಕ್ಕೆ ಬಂದು ಇನ್ನೊಮ್ಮೆ ಜಿಗಿದಳು. ಇಬ್ಬರೂ ಅದನ್ನು ನೋಡಿದರು.

“ನಮ್ಮ ಮನಿ ಕಲ್ಯಾಣದಾಗ ಅದ ಬಾಯಿ,” ಅಂದರು ಸಿರಾಜುದ್ದೀನ್ ಸಾಹೇಬರು. “ಲಗ್ನಾಗಿ ಮೂವತ್ತು ವರ್ಷ ಆತು. ನಮ್ಮ ಮನಿಯಾಕಿ ಬಾಯಿಲೆ ನನ್ನ ಹೆಸರು ಇನ್ನಾ ನಾ ಕೇಳಿಲ್ಲ.”

ಸಾಹೇಬರು ಬೈದಿದ್ದರೆ ಶೇವಂತಾಬಾಯಿಗೆ ಹಗುರಾಗುತ್ತಿತ್ತು. ಅವರು ಬೈಯುವುದರ ಬದಲು ತಮ್ಮ ಕಷ್ಟವನ್ನೇ ಹೇಳಿಕೊಂಡರು. ಈ ಕಡೆ ಯಾವ ಮಗು ಎಂದು ಹುಟ್ಟಿತೆಂದು ಬರೆದಿಟ್ಟವರಿಲ್ಲ. ಡಾಕ್ಟರನ್ನು ಕರೆತಂದು ತೋರಿಸುವ ಅಧಿಕಾರ ತಮಗೆ ಕೊಟ್ಟಿಲ್ಲ. ಕಾಗದದಲ್ಲಿ ಕೇಳಿದ್ದನ್ನು ಬರೆಯಲು ಜಾಗವಿದೆ, ಕಂಡದ್ದನ್ನು ಬರೆಯಲು ಜಾಗವಿಲ್ಲ. ಹಿರಿಯರೊಬ್ಬರು ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದರೆ ಅದೇ ವಯಸ್ಸು.

“ನೀವು ಖರೇ ವಯಸ್ಸು ಹೇಳ್ರಿ,” ಅಂದರು. “ಇವತ್ತ ಆಕಿನ್ನ ಮನಿಗಿ ಕಳಸ್ತೀನಿ. ಯಾರೂ ನಿಮಗ ಏನೂ ಅನ್ನದಂಗ ನಾ ನೋಡ್ಕೋತೀನಿ.”

“ಮನಿಗಿ ಕಳಿಸಿದ ಮ್ಯಾಲ ಏನ್ರಿ?”

ಸಾಹೇಬರು ಕನ್ನಡಕ ತೆಗೆದು ಶೇರವಾನಿಯ ಅಂಚಿನಿಂದ ಒರೆಸಿದರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

“ಅದು ಈ ಕಾಯ್ದೆದಾಗ ಇಲ್ಲ ಬಾಯಿ,” ಅಂದರು.

ಮಶೀನಿನ ಸದ್ದು ಶುರುವಾಯಿತು. ಶೇವಂತಾಬಾಯಿಗೆ ಒಲೆಯ ಮುಂದೆ ಕುಳಿತ ಗಂಗುಬಾಯಿ ನೆನಪಾದಳು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಅದು ಅಷ್ಟು ಒಳ್ಳೆಯದಲ್ಲ. ಸುಳ್ಳು ಹೇಳಿದವಳೆಂದು ಹದಿನೆಂಟು ಹೆಂಗಸರ ಮುಂದೆ ಒಪ್ಪಿಕೊಂಡರೆ ನಾಳೆ ನಸುಕಿನಲ್ಲಿ ಯಾವ ಮುಖ ಹೊತ್ತು ಅವರ ಬಾಗಿಲಲ್ಲಿ ನಿಂತು ಕೂಗುವುದು? ಯಾವ ಯೋಚನೆ ತನ್ನ ಬಾಯಿ ತೆರೆಸಿತೆಂದು ಆಮೇಲೆ ಎಷ್ಟೋ ಸಲ ಅವಳು ತನ್ನನ್ನೇ ಕೇಳಿಕೊಂಡಳು.

“ಹದಿನಾಲ್ಕು ರೀ,” ಅಂದಳು.

ಸಾಹೇಬರು ಬರೆದರು. ಕಾಗದವನ್ನು ಅವಳ ಕಡೆ ತಿರುಗಿಸಿದರು. ಅವಳು ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದಳು. ಟಾಂಗಾ ಹೊರಡುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ಕೆಲಸ ಬಿಟ್ಟಾಗ ಹತ್ತಿಕಾಳಿನ ರಾಶಿಯ ಮರೆಯಲ್ಲಿ ಅವಳು ದ್ರೌಪತಿಯ ಸೀರೆ ಬಿಚ್ಚಿ ಪರಕಾರ ತೊಡಿಸಿದಳು. ಕಾಲುಂಗುರ ತೆಗೆದಳು. ಕೊರಳ ಹಿಂದೆ ಗಂಟಿಗೆ ಕೈ ಹಾಕಿದವಳು ಅಲ್ಲಿಗೇ ನಿಂತಳು. ತಾಳಿ ಬಿಚ್ಚುವುದನ್ನು ಅವಳು ಜೀವಮಾನದಲ್ಲಿ ಒಮ್ಮೆ ನೋಡಿದ್ದಳು, ಅಪ್ಪನ ಹೆಣ ಎತ್ತುವ ಮೊದಲು, ಅವ್ವನ ಕೊರಳಿನಿಂದ. ಆಟಕ್ಕೆ ಕಟ್ಟಿದ್ದು, ಸುಳ್ಳಿಗೆ ಕಟ್ಟಿದ್ದು ಎಂದು ತನಗೇ ಹೇಳಿಕೊಂಡಳು. ಕೈ ಕೇಳಲಿಲ್ಲ. ಜೊತೆಯವರನ್ನು ಕರೆದು ಬಿಚ್ಚಲು ಹೇಳಿದಳು. ಒಬ್ಬೊಬ್ಬರೂ ಒಂದೊಂದು ನೆವ ಹೇಳಿ ಮುಂದೆ ನಡೆದರು.

ಹೀಗೆ ದ್ರೌಪತಿ ಪರಕಾರ ತೊಟ್ಟು, ತಾಳಿ ಕಟ್ಟಿಕೊಂಡು ಮನೆಗೆ ಬಂದಳು. ಗಂಗುಬಾಯಿ ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದಳು. ಮಗಳ ಕೈ ನೋಡಿದಳು, ಕೊರಳು ನೋಡಿದಳು.

“ವಯಸ್ಸು ಹೆಚ್ಚಿಗಿ ಹೇಳತೀ ಅಂತ ತಿಳಿದಿದ್ನಿ,” ಅಂದಳು ಕೊನೆಗೆ. “ಇದು ಯಾಕ ಮಾಡ್ದಿ ಶೇವಂತಾ?”

ಶೇವಂತಾಬಾಯಿ ಏನೇನೋ ಹೇಳಿದಳು. ಹೆಸರು ಉಳಿಯಿತಲ್ಲ, ಕೆಲಸ ಉಳಿಯಿತಲ್ಲ ಅಂದಳು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಹೇಸಿಗೆಯಾಗಿ ಸುಮ್ಮನಾದಳು. ಗಂಗುಬಾಯಿ ಮಗಳನ್ನು ಹತ್ತಿರ ಎಳೆದುಕೊಂಡು ಕೊರಳ ಗಂಟು ಮುಟ್ಟಿದಳು, ಮುಟ್ಟಿ ಬಿಟ್ಟಳು. ಅವಳ ಕೈಯೂ ಬರಲಿಲ್ಲ. ಸರವನ್ನು ಮಗುವಿನ ಅಂಗಿಯೊಳಗೆ ತೂರಿಸಿ ಮೇಲೆ ಗುಂಡಿ ಹಾಕಿದಳು. ದೇವಿದಾಸನಿಗೆ ಹೇಳುವುದು ಬೇಡವೇ ಎಂದು ದ್ರೌಪತಿ ಕೇಳಿದ್ದಕ್ಕೆ ಇಬ್ಬರಲ್ಲಿ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ದ್ರೌಪತಿ ಎಂದಿನಂತೆ ಅಂಗಳದ ಹತ್ತಿಯ ರಾಶಿಯ ಹತ್ತಿರ ಹೋಗಿ ಕುಳಿತಳು. ಬಸವಣಪ್ಪ ಬಂದು, ಅಲ್ಲಿಂದ ಏಳು ಅಂದ. ಮಶೀನಿಗೆ ಹತ್ತಿ ಕೊಡುವ ಹೆಂಗಸೊಬ್ಬಳು ಬಾಣಂತನಕ್ಕೆ ಹೋಗಿದ್ದಳು, ಆರನೆಯ ಉರುಳೆಯ ಮುಂದೆ ಆಳಿರಲಿಲ್ಲ.

ಶೇವಂತಾಬಾಯಿ ನಡುವೆ ಬಂದು ನಿಂತಳು. “ಆಕಿಗಿ ಒಂಬತ್ತು ರೀ,” ಅಂದಳು. ನಿನ್ನೆ ಮರದ ಕೆಳಗೆ ಬಾರದ ಮಾತು ಇಂದು ಎಷ್ಟು ಸುಲಭವಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

ಬಸವಣಪ್ಪ ಕೆಟ್ಟವನೇನಲ್ಲ. ಅವನು ಕೂಗಾಡಲಿಲ್ಲ. ಒಳಗೆ ಹೋಗಿ ಸಾಹೇಬರು ಬಿಟ್ಟುಹೋದ ಕಾಗದ ತಂದು ಅವಳ ಮುಂದೆ ಹಿಡಿದ. ಓದಲು ಬಾರದಿದ್ದರೂ ಅವಳಿಗೆ ಅದರಲ್ಲಿ ಒಂದು ಗುರುತು ಗೊತ್ತಾಯಿತು.

“ಇದು ನಿಂದ ಹೆಬ್ಬೆಟ್ಟು ಹೌದಲ್ಲ?” ಅಂದ. “ಸರ್ಕಾರ ಒಪ್ಪಿದ ವಯಸ್ಸು ಅದ ಬಾಯಿ. ಅಲ್ಲ ಅನ್ನಾಕ ನಾ ಯಾರು?”

ಆ ದಿನ ಶೇವಂತಾಬಾಯಿ ಮುಕಾದಮತನ ಬಿಟ್ಟು ಆರನೆಯ ಉರುಳೆಯ ಹತ್ತಿರವೇ ನಿಂತಳು. ದ್ರೌಪತಿಗೆ ಎತ್ತರ ಸಾಲದೆ ಕಾಲ ಕೆಳಗೆ ಒಂದು ಹಲಗೆ ಇಟ್ಟರು. ಪರಕಾರ ತೊಟ್ಟ ಮಗು ಹಿಡಿ ಹಿಡಿ ಹತ್ತಿಯನ್ನು ಮುಂದೆ ಒಡ್ಡುತ್ತಿತ್ತು, ಉರುಳೆ ಎಳೆದುಕೊಳ್ಳುತ್ತಿತ್ತು. ಪ್ರತಿ ಸಲ ಆ ಬೆರಳುಗಳು ಹತ್ತಿರ ಹೋದಾಗ ಶೇವಂತಾಬಾಯಿ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು, ನೂಲು ಸುತ್ತಿದ ಹಸಿರು ಬಳೆಗಳು ಅವಳ ಅಂಗೈಗೆ ಒತ್ತುತ್ತಿದ್ದವು. ನೂಲು ಬಿಚ್ಚಿ ತೆಗೆಯುವಷ್ಟು ಬಿಡುವಿಲ್ಲದೆ ಕೊನೆಗೆ ಅವುಗಳನ್ನು ಒಡೆದು ಹಾಕಬೇಕಾಯಿತು, ಉರುಳೆಗೆ ಸಿಕ್ಕಿಬೀಳಬಹುದು ಎಂದು. ಒಡೆದಳು, ಕಣ್ಣು ಬೇರೆ ಕಡೆ ಮಾಡಿ. ಇಂದು ನಾನಿದ್ದೇನೆ, ನಾಳೆ ಬಸವಣಪ್ಪ ನನ್ನನ್ನು ನನ್ನ ಕೆಲಸಕ್ಕೆ ಅಟ್ಟುತ್ತಾನೆ, ಆಗ? ಈ ಪ್ರಶ್ನೆಯನ್ನು ಮಶೀನಿನ ಸದ್ದು ನುಂಗಲಿಲ್ಲ.

ಮಧ್ಯಾಹ್ನ ರೊಟ್ಟಿ ತಿನ್ನಲು ಬಿಟ್ಟಾಗ ದ್ರೌಪತಿ ಕೈ ಮುಚ್ಚಿಕೊಂಡು ಓಡಿಬಂದಳು. ತೆರೆದಾಗ ಅಂಗೈಯಲ್ಲಿ ಹಲ್ಲಿತ್ತು, ಬುಡದಲ್ಲಿ ಚೂರು ರಕ್ತ. ಬಾಯಿ ತೆರೆದು ಖಾಲಿ ಜಾಗ ತೋರಿಸಿದಳು. ಇಂದು ತೆರೆಯಬೇಡ ಎನ್ನುವವರು ಯಾರೂ ಇರಲಿಲ್ಲ.

“ಮೌಶಿ, ಮನಿ ಮ್ಯಾಗ ಒಗಿಬೇಕು,” ಅಂದಳು. “ಸಂಜಿತನಾ ಇಟ್ಕೊಂಡ್ರ ಕಳದುಹೋಗ್ತದ. ಇಲ್ಲೇ ಒಗಿ. ನನಗ ಎಟಕೂದಿಲ್ಲ.”

ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವುದು ಪದ್ಧತಿ. ಜಿನ್ನಿನಲ್ಲಿ ಸಗಣಿ ಎಲ್ಲಿ? ಶೇವಂತಾಬಾಯಿ ಒಂದು ಚಿಟಿಕೆ ಅರಳೆಯಲ್ಲಿ ಹಲ್ಲನ್ನು ಸುತ್ತಿ, ಹಿಂದೆ ಸರಿದು, ತಗಡಿನ ಚಾವಣಿಯ ಮೇಲೆ ಎಸೆದಳು. ಅರಳೆ ಗಾಳಿಯಲ್ಲೇ ಬಿಚ್ಚಿಕೊಂಡಿತು. ಹಲ್ಲು ತಗಡಿಗೆ ಬಡಿದ ಸಣ್ಣ ಸದ್ದು ಕೇಳಿತು. ಮಣ್ಣಿನ ಮಾಳಿಗೆಯಾಗಿದ್ದರೆ ಅಲ್ಲೇ ಉಳಿಯುತ್ತಿತ್ತು. ಇಳಿಜಾರಿನ ತಗಡಿನ ಮೇಲೆ ಟಣ ಟಣ ಉರುಳಿಕೊಂಡು ಬಂದು ಕೆಳಗೆ ಬಿತ್ತು.

ದ್ರೌಪತಿ ಬಾಯಿ ತುಂಬ ನಕ್ಕಳು. ಇನ್ನೊಮ್ಮೆ ಒಗಿ ಎಂದು ಹುಡುಕಲು ಬಗ್ಗಿದಳು. ಅಷ್ಟರಲ್ಲಿ ಕೆಲಸಕ್ಕೆ ಕರೆಯುವ ಭೋಂಗಾ ಕೂಗಿತು. ಅವಳು ಪರಕಾರ ಝಾಡಿಸಿಕೊಂಡು, ಸಿಕ್ಕರೆ ಇಟ್ಟಿರು ಮೌಶಿ ಎಂದು ಹೇಳಿ ಒಳಗೆ ಓಡಿದಳು.

ಶೇವಂತಾಬಾಯಿ ಮೊಣಕಾಲೂರಿ ಕುಳಿತಳು. ಗೋಡೆಯ ಉದ್ದಕ್ಕೂ ಗಾಳಿ ತಂದು ಹಾಕಿದ ಅರಳೆ ಬಿದ್ದಿತ್ತು, ಎಲ್ಲವೂ ಬೆಳ್ಳಗೆ. ಒಳಗೆ ಉರುಳೆಗಳು ತಿರುಗಲಾರಂಭಿಸಿದವು. ಮಸಿ ಇನ್ನೂ ಪೂರ್ತಿ ಹೋಗದ ಹೆಬ್ಬೆಟ್ಟಿನಿಂದ ಅವಳು ಅವಸರವಸರವಾಗಿ ಅರಳೆಯನ್ನು ಸರಿಸುತ್ತ ಸರಿಸುತ್ತ ಹುಡುಕತೊಡಗಿದಳು.